ಝರೆಪ್ಪ ಉಸ್ತಾದರನ್ನು ತೆಗೆದದ್ದು

ಟಿ.ವಿ.ಯಲ್ಲಿ ಫುಟ್‌ಬಾಲ್ ನೋಡುವಾಗ ನಾನು ಚೆಂಡನ್ನು ನೋಡುವುದಿಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಇಪ್ಪತ್ತೆರಡು ಜನ ಒಂದು ಚೆಂಡಿನ ಹಿಂದೆ ಓಡುತ್ತಿರುವಾಗ, ಗೆರೆಯ ಆಚೆ ಕೋಟು ಹಾಕಿಕೊಂಡು, ಕೈಕಟ್ಟಿ, ತುಟಿ ಕಚ್ಚಿ ನಿಂತಿರುತ್ತಾನಲ್ಲ ಒಬ್ಬ, ನನ್ನ ಕಣ್ಣು ಅವನ ಮೇಲೆ. ಅವನಿಗೆ ಮ್ಯಾನೇಜರ್ ಎನ್ನುತ್ತಾರೆ. ತಂಡ ನಾಲ್ಕು ಸಲ ಸೋತರೆ ಪತ್ರಿಕೆಯ ಕೊನೆಯ ಪುಟದಲ್ಲಿ ಅವನ ಫೋಟೊ ಬರುತ್ತದೆ. ಕೆಳಗೆ ಒಂದೇ ಪ್ರಶ್ನೆ: ಇವನನ್ನು ಇಟ್ಟುಕೊಳ್ಳಬೇಕೆ, ಕಳಿಸಬೇಕೆ? ಹೆಸರನ್ನು ಕೂಡ ಸರಿಯಾಗಿ ಉಚ್ಚರಿಸಲು ಬಾರದ ಯಾವುದೋ ದೂರದ ಊರಿನ ಆ ಪ್ರಶ್ನೆಯನ್ನು ಓದಿ, ಬೀದರದ ಮೈಲೂರಿನಲ್ಲಿ ಕೂತ ಈ ಮುದುಕನ ಚಹಾ ಆರಿಹೋಗುತ್ತದೆ. ಯಾಕೆಂದರೆ ಅಂಥ ಒಬ್ಬರನ್ನು ತೆಗೆಯಲು ನಾನೂ ಒಮ್ಮೆ ಕೈ ಎತ್ತಿದ್ದೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ನನಗೆ ಇಪ್ಪತ್ತನಾಲ್ಕು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಆಡುವುದು ಕನ್ನಡ, ಆದರೆ ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ. ಕನ್ನಡ ಅಕ್ಷರ ನನಗೆ ಬರುತ್ತಿದ್ದುದು ಅಂಗಡಿಯ ಬೋರ್ಡು ಓದುವಷ್ಟು. ಈಗ ಕಡತಗಳು ಒಂದೊಂದಾಗಿ ಕನ್ನಡಕ್ಕೆ, ಇಂಗ್ಲಿಷಿಗೆ ತಿರುಗತೊಡಗಿದ್ದವು. ಉರ್ದುವಿನ ರೂಢಿಯಲ್ಲಿ ಕಾಗದದ ಬಲ ಅಂಚಿನಲ್ಲಿ ಪೆನ್ನು ಊರಿ, ನಾಲಿಗೆ ಕಚ್ಚಿಕೊಂಡು, ಕಳ್ಳನಂತೆ ಎಡ ಅಂಚಿಗೆ ಬರುತ್ತಿದ್ದೆ. ಕನ್ನಡ ಪರೀಕ್ಷೆ ಪಾಸಾಗದವರ ಕೆಲಸ ಉಳಿಯುವುದಿಲ್ಲವೆಂದು ಕಚೇರಿಯಲ್ಲಿ ದಿನಕ್ಕೊಂದು ಸುದ್ದಿ ಹುಟ್ಟುತ್ತಿತ್ತು. ಹೆಂಡತಿ ಚಪಾತಿ ಲಟ್ಟಿಸುತ್ತಿದ್ದರೆ ನಾನು ಎದುರಿಗೆ ಕೂತು ಒತ್ತಕ್ಷರ ಲಟ್ಟಿಸುತ್ತಿದ್ದೆ. ಅವಳ ಚಪಾತಿ ದುಂಡಗಾಗುತ್ತಿದ್ದವು.

ಇಂಥ ನಾನು ಮೈಲೂರಿನ ಫುಟ್‌ಬಾಲ್ ತಂಡದ ಕಾರ್ಯದರ್ಶಿ. ಆಟ ಬರುತ್ತದೆಂದು ಆರಿಸಿದ್ದಲ್ಲ. ನಾನು ಒದ್ದ ಚೆಂಡು ನಾನು ನೋಡಿದ ದಿಕ್ಕಿಗೆ ಎಂದೂ ಹೋದದ್ದಿಲ್ಲ. ಅರ್ಜಿ ಬರೆಯಲು ಒಬ್ಬ ಬೇಕಾಗಿತ್ತು, ಅಷ್ಟೆ. ಅಧ್ಯಕ್ಷರು ವೈಜಿನಾಥಪ್ಪನವರು, ಕಾಳಿನ ಪೇಟೆಯಾದ ಗಾಂಧಿ ಗಂಜದಲ್ಲಿ ತೊಗರಿ ಕಡಲೆಯ ಅಡತಿ ವ್ಯಾಪಾರಿ. ಆಡುವವರಲ್ಲಿ ಅರ್ಧದಷ್ಟು ಜನ ಅದೇ ಗಂಜದಲ್ಲಿ ಚೀಲ ಹೊರುವ ಹಮಾಲರು. ಉಳಿದವರಲ್ಲಿ ದರ್ಜಿ, ಟಾಂಗಾದವ, ಕಚೇರಿಯ ಜವಾನ ಎಲ್ಲ ಇದ್ದರು. ಇವರೆಲ್ಲರಿಗೂ ಆಟ ಕಲಿಸಿದವರು ಝರೆಪ್ಪ ಉಸ್ತಾದರು.

ಉಸ್ತಾದರು ಔರಾದ ಕಡೆಯವರು. ತೊಗಲಿನ ಕೆಲಸದ ಮನೆತನ. ಚಿಕ್ಕಂದಿನಲ್ಲೇ ಹೈದರಾಬಾದಿಗೆ ಹೋಗಿ, ಸವಾರರ ಲಾಯದಲ್ಲಿ ಕುದುರೆಯ ಜೀನು ಹೊಲಿಯುತ್ತಿದ್ದರಂತೆ. ಅಲ್ಲಿನ ಸಿಪಾಯಿಗಳು ಸಂಜೆ ಚೆಂಡು ಆಡುವರು. ಚೆಂಡು ಹರಿದರೆ ಇವರ ಹತ್ತಿರ ಬರುವುದು. ಹೊಲಿದುಕೊಟ್ಟು, ನಿಂತು ನೋಡಿ, ನೋಡಿ ಕಲಿತರು. ಸವಾರರೂ ಇಲ್ಲ ಕುದುರೆಯೂ ಇಲ್ಲ ಎಂಬ ಕಾಲ ಬಂದಾಗ ಬೀದರಕ್ಕೆ ಬಂದು, ಟಾಂಗಾದ ಕುದುರೆಗಳ ಪಟ್ಟಿ ಹೊಲಿಯುತ್ತ ಉಳಿದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರು ಎಲ್ಲರಿಗೂ ‘ರಿ’ ಹಚ್ಚಿ ಮಾತಾಡುತ್ತಿದ್ದರು. ನಾವು ಸಮಿತಿಯವರು ಅವರಿಗೆ ಏಕವಚನದಲ್ಲಿ ಮಾತಾಡುತ್ತಿದ್ದೆವು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಈಗ ಬರೆಯುವಾಗ ಬಹುವಚನ ತಾನಾಗಿಯೇ ಬರುತ್ತದೆ; ಆಗ ಬರಲಿಲ್ಲ ಎಂಬುದನ್ನೂ ಬರೆದಿಡಬೇಕು.

ಮೂರು ವರ್ಷ ಸತತವಾಗಿ ನಾವು ಭಾಲ್ಕಿಯ ತಂಡಕ್ಕೆ ಸೋತಿದ್ದೆವು. ಅಷ್ಟರಲ್ಲಿ ಹೊಸ ರಾಜ್ಯದ ಪಂದ್ಯಾವಳಿಯೊಂದಕ್ಕೆ ಸೇರಲು ಅರ್ಜಿಯ ನಮೂನೆ ಬಂತು. ಅದರಲ್ಲಿ ಒಂದು ಸಾಲು: ‘ಮ್ಯಾನೇಜರರ ಹೆಸರು ಮತ್ತು ವಿದ್ಯಾರ್ಹತೆ’. ನಮ್ಮೂರಲ್ಲಿ ಮ್ಯಾನೇಜರ್ ಎಂದರೆ ಹತ್ತಿಯ ಜಿನ್ನಿಂಗ್ ಮಿಲ್ಲಿನವನು. ಆಟ ಕಲಿಸುವವನು ಉಸ್ತಾದ. ಮಲ್ಲನಿಗೂ ಅದೇ ಹೆಸರು, ತಬಲಾದವನಿಗೂ ಅದೇ, ಬೀಗ ಮಾಡುವವನಿಗೂ ಅದೇ. ಕೈಯಲ್ಲಿ ವಿದ್ಯೆ ಇದ್ದವನೆಲ್ಲ ಉಸ್ತಾದ. ಆ ವಿದ್ಯೆಗೆ ಅರ್ಹತೆ ಏನು ಎಂದು ಯಾರೂ ಕೇಳಿರಲಿಲ್ಲ. ಈಗ ಒಂದು ಕಾಗದ ಕೇಳಿತು. ಆ ಸಾಲಿನ ಮುಂದಿದ್ದ ಜಾಗವನ್ನು ಖಾಲಿ ಬಿಟ್ಟು, ನಮೂನೆಯನ್ನು ವೈಜಿನಾಥಪ್ಪನವರಿಗೆ ಒಯ್ದುಕೊಟ್ಟೆ.

ನಂಬಿದವನನ್ನು ಇಟ್ಟುಕೊಳ್ಳಬೇಕೆ ಬಿಡಬೇಕೆ ಎಂಬ ಪ್ರಶ್ನೆ ನಮ್ಮೂರಿಗೆ ಹೊಸದಲ್ಲ. ದೊಡ್ಡ ಮದರಸಾ ಕಟ್ಟಿಸಿದ ವಜೀರನ ಕಥೆ ಇಲ್ಲಿನ ಎಲ್ಲರಿಗೂ ಗೊತ್ತು. ಒಂದು ಸುಳ್ಳು ಕಾಗದವನ್ನು ನಂಬಿ ಸುಲ್ತಾನ ಅವನ ತಲೆ ಹೊಡೆಸಿದ, ಆಮೇಲೆ ಅತ್ತನಂತೆ. ನಮ್ಮ ಸಮಿತಿಯನ್ನು ಸುಲ್ತಾನನಿಗೆ ಹೋಲಿಸಿಕೊಳ್ಳುವ ಸೊಕ್ಕು ನನಗಿಲ್ಲ. ಆದರೆ ಕಾಗದ ಮುಂದಿಟ್ಟರೆ ಮನುಷ್ಯ ಮರೆಯಾಗುತ್ತಾನೆ ಎಂಬುದಕ್ಕೆ ಈ ಊರಿನ ಗಾಳಿಯಲ್ಲೇ ಏನೋ ಇದೆ ಎಂದು ಆಗಾಗ ಅನ್ನಿಸುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಗಂಜದ ಅಂಗಡಿಯಲ್ಲಿ ಸಭೆ ಸೇರಿತು. ತೊಗರಿ ಚೀಲಗಳ ಮೇಲೆ ಐದು ಜನ. ವೈಜಿನಾಥಪ್ಪನವರು ನೇರ ಮಾತಿಗೆ ಬಂದರು.

“ಝರೆಪ್ಪ ಛೊಲೊ ಮನಶ್ಯಾನೇ ಅದಾನ. ಇಲ್ಲ ಅನ್ನಂಗಿಲ್ಲ. ಆದ್ರ ಮೂರು ವರ್ಷ ಆಯ್ತು, ಭಾಲ್ಕಿಯವರು ನಮ್ಮನ್ನ ಹೊಡದು ಕಳಸ್ಲಾಕತ್ಯಾರ. ಈಗ ಸಾಹೇಬರ ಮುಂದ ಕುಂತು ಮಾತಾಡಾವ ಒಬ್ಬ ಬೇಕು. ಸಾಲಿಗಿ ಹೊಸದಾಗಿ ಒಬ್ಬ ಡ್ರಿಲ್ ಮಾಸ್ತರ್ರು ಬಂದಾರ, ಮೈಸೂರಿನ ಕಡಿಯವ್ರು. ಸರ್ಟಿಫಿಕೇಟ್ ಅದ, ಸೀಟಿ ಅದ, ಬೂಟು ಅವ. ಇನ್ನೇನ್ ಬೇಕು?”

ಸಮಿತಿಯಲ್ಲಿದ್ದ ಒಬ್ಬ ಹಿರಿಯರು ಮೆಲ್ಲಗೆ ಹೇಳಿದರು: “ಸೋತವರು ಆಡಿದವರು. ತಗಿಯೋದು ನಿಂತವನ್ನ ಏನ್ರಿ?”

“ಹನ್ನೊಂದು ಮಂದಿನ ತಗಿಲಾಕ ಆಗ್ತದೇನ್ರಿ ಮತ್ತ?” ಎಂದರು ವೈಜಿನಾಥಪ್ಪನವರು. ಪ್ರಾಮಾಣಿಕವಾದ ಮಾತು. ಪ್ರಪಂಚದ ಎಲ್ಲ ಮ್ಯಾನೇಜರುಗಳೂ ಕೆಲಸ ಕಳೆದುಕೊಳ್ಳುವುದು ಈ ಲೆಕ್ಕದಲ್ಲೇ ಎಂದು ಆಮೇಲೆ ನನಗೆ ಗೊತ್ತಾಯಿತು.

ಅವರ ಮಾತಿನಲ್ಲಿ ಸತ್ಯವೂ ಇತ್ತು. ಉಸ್ತಾದರು ಬೂಟು ಹಾಕಲು ಬಿಡುತ್ತಿರಲಿಲ್ಲ. ಹೊಸ ಬಗೆಯ ಆಟ ಅವರಿಗೆ ಒಗ್ಗುತ್ತಿರಲಿಲ್ಲ. ಇಬ್ಬರು ಇರಲಿ ಎಂದರು, ಇಬ್ಬರು ಬೇಡ ಎಂದರು. ಉಳಿದವನು ನಾನು. ಆಟದ ಹಿತಕ್ಕಾಗಿ ಕೈ ಎತ್ತಿದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ್ದೇನೆ. ನಿಜ ಹೇಳುತ್ತೇನೆ ಕೇಳಿ. ಉರ್ದು ಕಲಿತ ನಾನು ಹಳಬನಾಗಿದ್ದೆ. ಇಪ್ಪತ್ತನಾಲ್ಕಕ್ಕೇ ಹಳಬ. ಇನ್ನೊಬ್ಬ ಹಳಬನ ಪಕ್ಕ ನಿಂತರೆ ಎಲ್ಲಿ ನನ್ನನ್ನೂ ಅವನ ಜೊತೆ ಲೆಕ್ಕ ಹಿಡಿಯುತ್ತಾರೋ ಎಂದು ಹೆದರಿ ಹೊಸಬರ ಕಡೆ ಕೈ ಎತ್ತಿದೆ.

ಉಸ್ತಾದರು ಆ ವಾರ ಔರಾದದಲ್ಲಿ ತಂಗಿಯ ಮನೆಯಲ್ಲಿದ್ದರು. ಸುದ್ದಿ ಹೇಳಿ ಬರಲು ಕಾರ್ಯದರ್ಶಿಯೇ ಹೋಗಬೇಕೆಂದಾಯಿತು. ಬೆಳಗಿನ ಬಸ್ಸಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕಚೇರಿಯ ಕನ್ನಡದಲ್ಲಿ ಕಟ್ಟಿಕೊಂಡೆ: ‘ಬದಲಾದ ಸನ್ನಿವೇಶದಲ್ಲಿ’, ‘ವಿಷಾದದೊಂದಿಗೆ’ ಹೀಗೆ. ಅವರು ಬೇವಿನ ಮರದ ಕೆಳಗೆ ಕೂತು, ಬಾವಿಯಿಂದ ನೀರೆತ್ತುವ ತೊಗಲ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ನನ್ನನ್ನು ಕಂಡು ಸೂಜಿ ನಿಲ್ಲಿಸಿದರು. ನಾನು ಅರ್ಜಿ ಬರೆಯುವವನೆಂದು ಅವರು ನನ್ನನ್ನು ಮುನ್ಶಿ ಎಂದು ಕರೆಯುತ್ತಿದ್ದರು.

“ಮುನ್ಶಿ ಇಲ್ಲಿ ತನಕ ಬಂದಾರ ಅಂದ್ರ, ಅರ್ಜಿದಾಗ ನನ್ನ ಹೆಸರು ಬರ್ಲಿಲ್ಲ ಅಂತ ಕಾಣ್ತದ.”

ಕಟ್ಟಿಕೊಂಡು ಬಂದ ಕನ್ನಡವೆಲ್ಲ ಬಸ್ಸಿನಲ್ಲೇ ಉಳಿಯಿತು. “ಹೌದು ಉಸ್ತಾದ,” ಎಂದೆ.

ಅವರು ಬೆರಳಿನಿಂದ ಹೊಲಿಗೆಯನ್ನು ಸವರಿದರು. ನಂತರ ತಂಗಿಗೆ ಚಹಾ ಮಾಡಲು ಹೇಳಿ, ನನ್ನ ಕಡೆ ತಿರುಗಿದರು.

“ಬರೋರು ಯಾರು?”

“ಸಾಲಿ ಡ್ರಿಲ್ ಮಾಸ್ತರ್ರು. ನಂಜುಂಡಯ್ಯ ಅಂತ.”

“ಅವರಿಗಿ ಹುಡುಗರು ಗೊತ್ತಿಲ್ಲ. ಕಾಗದ ಅದ ಏನ್ರಿ? ಬರ್ಕೋರಿ.”

ನಾನು ಕಾಗದ ತೆಗೆದೆ. ಅವರು ಹೇಳಿದ ವೇಗಕ್ಕೆ ನನ್ನ ಕನ್ನಡ ಸಾಲದು ಎಂದು ಉರ್ದುವಿನಲ್ಲೇ ಬರೆದೆ. ಅವರು ಸೂಜಿ ಆಡಿಸುತ್ತ, ತಲೆ ಎತ್ತದೆ ಹೇಳುತ್ತ ಹೋದರು.

“ಮಾರುತಿಂದು ಎಡಗಾಲ ಮೊಣಕಾಲ ಕೆಟ್ಟದ. ಬಲಕ್ಕ ಹೊಳ್ಳಬೇಕಾದ್ರ ತ್ರಾಸ ಆಗ್ತದ. ಯಾರಿಗೂ ಹೇಳಿಲ್ಲ ಅವ. ಹೇಳಿದ್ರ ಗಂಜಿನಾಗ ಚೀಲ ಹೊರ್ಲಾಕ ಯಾರ್ ಕರೀತಾರ? ಅವನ ಬಲಕ್ಕ ಯಾವತ್ತೂ ಒಬ್ಬನ್ನ ನಿಂದರಸ್ರಿ. ಕೇಳಿದ್ರ, ಸುಮ್ನ ನಿಂದರಸೀನಿ ಅನ್ರಿ.”

ಮಾರುತಿ ನಮ್ಮ ರಕ್ಷಣೆಯ ಆಟಗಾರ, ಗಂಜದ ಹಮಾಲ. ಮೂರು ವರ್ಷದಿಂದ ಅವನ ಆಟ ನೋಡುತ್ತಿದ್ದ ನನಗೆ ಇದು ಗೊತ್ತಿರಲಿಲ್ಲ.

“ಗೋಲಿನ ಇಸ್ಮಾಯಿಲಂದು ಬಲಗಣ್ಣು ಮಂದ ಅದ. ದರ್ಜಿ ಕೆಲಸದಾಗ ಸೂಜಿಗಿ ದಾರ ಹಾಕ್ಲಾಕ ಹೆಂಡ್ತಿನ ಕರೀತಾನ. ಬಲಗಡಿ ನೆಲಕ್ಕ ಹತ್ತಿ ಬರೋ ಚೆಂಡು ಅವನಿಗಿ ತಡ ಕಾಣ್ತದ. ಇನ್ನ ಶಿವರಾಜಗ ಬೈಬ್ಯಾಡ್ರಿ ಅಂತ ಹೇಳ್ರಿ. ಬೈದ್ರ ಕಾಲು ಕಟ್ಟಿದಂಗ ಆಗ್ತಾವ. ಮೊದಲನೇ ಗೋಲು ತಪ್ಪಸೇ ತಪ್ಪಸ್ತಾನ. ಪರವಾ ಇಲ್ಲ ಅಂದ್ರ ಎರಡನೇದು ಹೊಡೀತಾನ.”

ಹೀಗೆ ಹನ್ನೊಂದು ಜನ. ಒಬ್ಬೊಬ್ಬನ ಕಾಲು, ಕಣ್ಣು, ಮನೆ, ಮುನಿಸು. ಹೇಳಿ ಮುಗಿದ ಮೇಲೆ ಅವರು ನನ್ನ ಕೈಯ ಕಾಗದವನ್ನು ನೋಡಿ, “ಮಾಸ್ತರ್ರಿಗಿ ಬಿಟ್ಟು ಮತ್ತ ಯಾರಿಗೂ ತೋರಸಬ್ಯಾಡ್ರಿ,” ಎಂದರು. ನನ್ನ ಮೇಲೆ ಅವರು ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಕಾಗದ ಹಿಡಿದು ನಂಜುಂಡಯ್ಯನವರ ಮನೆಗೆ ಹೋದೆ. ಅವರಿಗೆ ಉರ್ದು ಬಾರದು. ನಾನೇ ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಬೇಕಾಯಿತು. ಮುಗಿದ ಮೇಲೆ ಅವರು ಕೇಳಿದರು:

“ಇಷ್ಟೆಲ್ಲ ತಿಳ್ಕೊಂಡಿರೋರನ್ನ ಬಿಟ್ಟು ನನ್ನ ಯಾಕೆ ಕರೆದ್ರಿ?”

“ಅವರಿಗಿ ಓದು ಬರಹ ಬರೋದಿಲ್ರಿ.”

“ಮತ್ತೆ ಇಷ್ಟೊತ್ತು ನೀವು ಓದಿದ್ದು ಏನನ್ನ?” ಎಂದರು ಅವರು.

ನಾನು ಕಾಗದ ಮಡಚಿ ಅವರ ಮುಂದಿಟ್ಟೆ. ಮೈಸೂರಿನ ಕಡೆಯವರು ಎಂದರೆ ಬಿಗಿಯಾದ ಜನ ಎಂದು ನಾವು ತಿಳಿದಿದ್ದೆವು. ಈ ಮನುಷ್ಯ ಮೃದು. ಮೈದಾನದಲ್ಲಿ ಅವರ ಮಾತು ಮೊದಲ ವಾರ ಯಾರಿಗೂ ತಿಳಿಯಲಿಲ್ಲ. ಚೆಂಡು ದಾಟಿಸಲೆಂದು ‘ದಯವಿಟ್ಟು ಬೇಗ ವರ್ಗಾಯಿಸಿ’ ಎಂದು ಕೂಗಿದರೆ ಹಮಾಲರು ಚೆಂಡು ಬಿಟ್ಟು, ಯಾವ ಸಾಹೇಬರಿಗೆ ವರ್ಗವಾಯಿತು ಎಂದು ಮುಖ ನೋಡುತ್ತಿದ್ದರು. ಆದರೂ ಅವರು ಆ ಕಾಗದದಲ್ಲಿದ್ದುದನ್ನು ತಪ್ಪದೆ ಪಾಲಿಸಿದರು. ನನಗೆ ಒತ್ತಕ್ಷರ ತಿದ್ದಿಕೊಟ್ಟವರೂ ಅವರೇ. ಪರೀಕ್ಷೆ ಪಾಸಾದೆ.

ಆ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಭಾಲ್ಕಿಯವರು ಔರಾದಕ್ಕೆ ಹೋಗಿ ಝರೆಪ್ಪ ಉಸ್ತಾದರನ್ನು ಕರೆದುಕೊಂಡು ಬಂದಿದ್ದಾರೆ. ಆ ಹೊಸ ಪಂದ್ಯಾವಳಿಯಲ್ಲಿ ಮುಂದಿನ ತಿಂಗಳು ಭಾಲ್ಕಿಯಲ್ಲೇ ನಮಗೂ ಅವರಿಗೂ ಪಂದ್ಯ. ವೈಜಿನಾಥಪ್ಪನವರ ಮುಖ ಇಳಿಯಿತು. ಮಾರುತಿಯ ಮೊಣಕಾಲು, ಇಸ್ಮಾಯಿಲನ ಕಣ್ಣು ಎಲ್ಲ ಈಗ ಎದುರಾಳಿಯ ಜೇಬಿನಲ್ಲಿ. ಅದೂ ನಾವೇ ಕೈಯಾರೆ ಕೊಟ್ಟದ್ದು.

ರೈಲಿನಲ್ಲಿ ಭಾಲ್ಕಿಗೆ ಹೋದೆವು. ಮೈದಾನದ ಆಚೆ ಬದಿಯಲ್ಲಿ ಉಸ್ತಾದರು ಬಿಳಿ ಅಂಗಿ, ಧೋತರ ಉಟ್ಟು ನಿಂತಿದ್ದರು. ನಮ್ಮ ಹುಡುಗರು ಆಟಕ್ಕೆ ಇಳಿಯುವ ಮುನ್ನ ಒಬ್ಬೊಬ್ಬರಾಗಿ ಹೋಗಿ ಅವರ ಕಾಲು ಮುಟ್ಟಿ ಬಂದರು. ಯಾರೂ ಹೇಳಿಕೊಟ್ಟದ್ದಲ್ಲ. ವೈಜಿನಾಥಪ್ಪನವರು ಬೇರೆ ಕಡೆ ನೋಡಿದರು.

ಆಟ ಶುರುವಾಯಿತು. ಇನ್ನೇನು ಬಲಗಡೆಯಿಂದ ಬಂದರು ಎಂದು ನಾನು ಮಾರುತಿಯನ್ನೇ ನೋಡುತ್ತ ನಿಂತೆ. ಅವರ ಚುರುಕಿನ ಆಟಗಾರ ಮಾರುತಿಯ ಎಡಗಡೆಯಿಂದಲೇ ನುಗ್ಗಿದ. ಮತ್ತೂ ಎಡಗಡೆಯಿಂದಲೇ. ಒಮ್ಮೆ ಮಾತ್ರ, ಮಾರುತಿಯ ಬಲಕ್ಕೆ ನಿಲ್ಲಿಸಿದ್ದವನು ಮುಂದೆ ಹೋಗಿದ್ದಾಗ, ಚೆಂಡು ಬಲಕ್ಕೆ ಪುಟಿಯಿತು. ಮಾರುತಿ ಹೊರಳಲು ಹೋಗಿ ಕುಸಿದು ಬಿದ್ದ. ಮುಗಿಯಿತು, ಇನ್ನು ಎಲ್ಲರಿಗೂ ತಿಳಿಯಿತು ಎಂದುಕೊಂಡು ಆಚೆ ಬದಿ ನೋಡಿದೆ. ಉಸ್ತಾದರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಮಾರುತಿ ಎದ್ದ. ಆ ಆಟಗಾರ ಮತ್ತೆ ತನ್ನ ರೂಢಿಯಂತೆ ಎಡಕ್ಕೇ ಬಂದ. ಇಸ್ಮಾಯಿಲನ ಬಲ ಮೂಲೆಗೆ ನೆಲಕ್ಕಂಟಿದ ಒಂದು ಚೆಂಡೂ ಬರಲಿಲ್ಲ. ಕೊನೆಗೆ ಶಿವರಾಜ ಖಾಲಿ ಗೋಲಿನ ಮುಂದೆ ಚೆಂಡನ್ನು ಆಕಾಶಕ್ಕೆ ಒದ್ದ. ನಂಜುಂಡಯ್ಯನವರು ಕೈ ಬೀಸಿ, “ಪರ್ವಾಗಿಲ್ಲ ಶಿವರಾಜು, ಪರ್ವಾಗಿಲ್ಲ!” ಎಂದು ಕೂಗಿದರು. ಎರಡನೆಯದನ್ನು ಅವನು ಹೊಡೆದ. ನಾವು ಗೆದ್ದೆವು.

ವೈಜಿನಾಥಪ್ಪನವರು ನಂಜುಂಡಯ್ಯನವರನ್ನು ಅಪ್ಪಿಕೊಂಡು, “ನೋಡ್ರಿ, ಮ್ಯಾನೇಜರ್ ಬದಲಾದ್ರ ಹ್ಯಾಂಗ ಆಗ್ತದ!” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನಾನೂ ನಗುತ್ತಿದ್ದೆ. ಆಗ ಭಾಲ್ಕಿ ತಂಡದ ನಾಯಕ ಮಾಧವರಾವ ನನ್ನ ಹತ್ತಿರ ಬಂದು, ಬೆವರು ಒರೆಸಿಕೊಳ್ಳುತ್ತ ಹೇಳಿದ:

“ಎಂಥಾ ಮನಶ್ಯಾನ್ನ ಕೊಟ್ರಿ ನಮಗ! ಎಂಟು ದಿನದಿಂದ ಕೇಳ್ಲಾಕತ್ತೀವಿ, ಮೈಲೂರಿನವರ ಕಮಜೋರಿ ಏನದ, ಎಲ್ಲಿ ಸೋಲ್ತಾರ ಹೇಳ್ರಿ ಉಸ್ತಾದ ಅಂತ. ‘ನಿಮ್ಮ ಆಟ ಏನದ ಕೇಳ್ರಿ, ಹೇಳ್ತೇನಿ. ಆ ಮನಿ ಮಾತು ನನ್ನ ಬಾಯಾಗ ಬರೋದಿಲ್ಲ’ ಅಂದ್ರು. ಒಂದು ಶಬ್ದ ಹೇಳ್ಲಿಲ್ರಿ. ಇಂಥವ್ರನ್ನ ಇಟಗೊಂಡು ಏನ್ ಮಾಡೋದು? ತಗದ್ಬಿಡೋಣ ಅಂತ ನಮ್ಮೋರೂ ಅನ್ಲಾಕತ್ಯಾರ.”

ನನ್ನ ನಗು ಎಲ್ಲಿ ನಿಂತಿತೋ ತಿಳಿಯದು. ಅವರನ್ನು ತೆಗೆಯಲು ಕೈ ಎತ್ತಿದ ಅದೇ ನಾನು ಮಾಧವರಾವನ ಎರಡೂ ಕೈ ಹಿಡಿದುಕೊಂಡೆ.

“ತಗೀಬ್ಯಾಡ್ರಿ. ನಾವು ಮಾಡಿದ್ದು ನೀವು ಮಾಡಬ್ಯಾಡ್ರಿ. ನಮ್ಮ ಮಾತು ನಿಮಗ ಹೇಳಲಾರದವರು ನಾಳಿ ನಿಮ್ಮ ಮಾತು ಯಾರಿಗಿ ಹೇಳ್ತಾರ?”

ಅವನು ನನ್ನನ್ನು ನೋಡಿದ, ಆಚೆ ಬದಿಯಲ್ಲಿ ಸೋತ ಹುಡುಗನೊಬ್ಬನ ಕಾಲಿಗೆ ಬಟ್ಟೆ ಸುತ್ತುತ್ತಿದ್ದ ಉಸ್ತಾದರನ್ನು ನೋಡಿದ. “ಹೌದಲ್ರಿ,” ಎಂದು ಹೋದ.

ಮುಂದಿನ ಭಾನುವಾರದ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ನಾಚಿಕೆಯಿಂದ ಹೇಳಿದೆನೋ ಧೈರ್ಯದಿಂದಲೋ ಗೊತ್ತಿಲ್ಲ; ಹೇಳದೆ ಇರಲು ಆಗಲಿಲ್ಲ. ನಂಜುಂಡಯ್ಯನವರು ಮೊದಲು ಮಾತಾಡಿದರು: “ಅವರನ್ನ ಕರ್ಕೊಂಡು ಬನ್ನಿ. ನಾನು ಅವರ ಕೈಕೆಳಗೆ ಇರ್ತೀನಿ.” ವೈಜಿನಾಥಪ್ಪನವರು ಚೀಲದ ಹೊಲಿಗೆಯನ್ನು ಉಗುರಿನಿಂದ ಕೆರೆದು, ತಲೆಗೆ ಪಟಗಾ ಕಟ್ಟಿಕೊಂಡು ಎದ್ದರು. “ನಡೀರಿ,” ಎಂದರು.

ಭಾಲ್ಕಿಯಲ್ಲಿ ಉಸ್ತಾದರು ಒಂದು ಚಿಕ್ಕ ಮನೆ ಹಿಡಿದಿದ್ದರು. ಮುಂದಿನ ಕಟ್ಟೆಯ ತುಂಬ ತೊಗಲು, ಅರಗಿನ ವಾಸನೆ. ವೈಜಿನಾಥಪ್ಪನವರು ಒಂದು ಗಳಿಗೆ ನಿಂತರು. ಬಸವಣ್ಣನ ಹೆಸರು ಹೇಳದೆ ತುತ್ತು ಮುಟ್ಟದ ಮನುಷ್ಯ, ಆದರೆ ಅಂಥ ಕಟ್ಟೆಯ ಮೇಲೆ ಎಂದೂ ಕೂತವರಲ್ಲ. ಆ ದಿನ ಕೂತರು. ಒಳಗಿನಿಂದ ಬಂದ ಚಹಾ ಕುಡಿದರು. ನಂತರ ಹೇಳಿದರು:

“ಉಸ್ತಾದರ, ತಪ್ಪಾಗ್ಯಾದ. ವಾಪಸ್ ಬರ್ರಿ.”

ಆ ‘ರಿ’ ಕೇಳಿ ಉಸ್ತಾದರ ಕಣ್ಣು ತುಂಬಿ ಬಂದವು. ಅವರು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿಕೊಂಡರು, ನಾಚಿದವರಂತೆ ನಕ್ಕರು. ಆದರೆ ತಲೆ ಅಲ್ಲಾಡಿಸಿದರು.

“ನೀವು ಬಂದ್ರಿ, ಭಾಳ ಆಯ್ತು. ಆದ್ರ ಈಗ ಇಲ್ಲಿ ಹುಡುಗರದೂ ಎಲ್ಲ ನನಗ ಗೊತ್ತಾಗ್ಯಾದ. ಯಾರ ಕಾಲು ಹ್ಯಾಂಗ, ಯಾರ ಮನ್ಯಾಗ ಏನು. ನನ್ನ ನಂಬಿ ಹೇಳ್ಯಾರ. ನಾ ಅತ್ತಾಗ ಬಂದು ನಿಂತ್ರ, ಅವರಿಗಿ ರಾತ್ರಿ ನಿದ್ದಿ ಬರ್ತದೇನ್ರಿ ಸಾವಕಾರ್ರ? ನಾ ಹೇಳೋದಿಲ್ಲ, ಅದು ಬ್ಯಾರೆ ಮಾತು. ಅವರಿಗಿ ಅಂಜಿಕಿ ಆಗ್ತದಲ್ಲ.” ಆಮೇಲೆ ನಂಜುಂಡಯ್ಯನವರ ಕಡೆ ತಿರುಗಿ, “ಶಿವರಾಜಗ ಛೊಲೊ ಹೇಳಿದ್ರಿ ಮಾಸ್ತರ್ರ. ಹಂಗೇ ಹೇಳ್ರಿ,” ಎಂದರು.

ನಾವು ಬರಿಗೈಯಲ್ಲಿ ತಿರುಗಿ ಬಂದೆವು. ಭಾಲ್ಕಿಯವರು ಅವರನ್ನು ತೆಗೆಯಲಿಲ್ಲ. ಕೈಯಲ್ಲಿ ಸೂಜಿ ಹಿಡಿಯಲು ಆಗದಂತಾಗುವವರೆಗೂ ಅವರು ಅಲ್ಲೇ ಉಸ್ತಾದರಾಗಿದ್ದರು. ನಂಜುಂಡಯ್ಯನವರು ಆರು ವರ್ಷ ನಮ್ಮ ಜೊತೆ ಇದ್ದು, ಬೇರೆ ಊರಿಗೆ ಹೋಗುವಾಗ ‘ಬರ್ತೇನಿ’ ಎಂದು ನಮ್ಮ ಹಾಗೆಯೇ ಹೇಳಿ ಹೋದರು. ಈಗ ಪತ್ರಿಕೆಯ ಪ್ರಶ್ನೆಗೆ ನನ್ನ ಉತ್ತರವೇನು ಎಂದು ನೀವು ಕೇಳಬಹುದು. ಕೆಲವು ಸಲ ಬದಲಾಯಿಸಲೇಬೇಕಾಗುತ್ತದೆ, ಅದು ನನಗೂ ಗೊತ್ತು. ನಂಜುಂಡಯ್ಯನವರು ಬೂಟು ಹಾಕಿಸಿದ್ದರಿಂದ ಹಮಾಲರ ಕಾಲ್ಬೆರಳುಗಳು ಉಳಿದವು. ಕೈ ಎತ್ತುವ ಮುಂಚೆ, ಎತ್ತುತ್ತಿರುವುದು ಯಾವ ಹೆದರಿಕೆಗೆ ಎಂದು ಒಮ್ಮೆ ನೋಡಿಕೊಳ್ಳಿ ಎಂಬುದಕ್ಕಿಂತ ಹೆಚ್ಚಿನದನ್ನು ನಾನು ಕಲಿಯಲಿಲ್ಲ.

ಭಾಲ್ಕಿಯ ಮೈದಾನದಲ್ಲಿ ಮಾತ್ರ ನಾವು ಮತ್ತೆಂದೂ ಗೆಲ್ಲಲಿಲ್ಲ. ಪ್ರತಿ ವರ್ಷ ಸೋತು ರೈಲು ಹತ್ತಿದ ಮೇಲೆ ವೈಜಿನಾಥಪ್ಪನವರು ಬೈಯಲು ಶುರು ಮಾಡುತ್ತಿದ್ದರು: ರೆಫರಿಯನ್ನು, ಗಾಳಿಯನ್ನು, ಮೈದಾನದ ಕಲ್ಲುಗಳನ್ನು. ಮ್ಯಾನೇಜರನ ಮಾತು ಮಾತ್ರ ಬರುತ್ತಿರಲಿಲ್ಲ. ಒಮ್ಮೆ ನಾನೇ ಚೇಷ್ಟೆಗೆ, “ಮ್ಯಾನೇಜರ್ ಬದಲಿ ಮಾಡೋಣೇನ್ರಿ?” ಎಂದೆ. ಅವರು ಕಿಟಕಿಯ ಆಚೆ ಹಿಂದಕ್ಕೆ ಸರಿಯುತ್ತಿದ್ದ ಜೋಳದ ಹೊಲಗಳನ್ನು ನೋಡುತ್ತ ಹೇಳಿದರು:

“ಸುಮ್ನ ಕುಂದರ್ರಿ ಗುರುನಾಥಪ್ಪ. ಸೋಲೋದು ಹ್ಯಾಂಗಂತ ಈಗೀಗ ಕಲೀಲಾಕತ್ತೀವಿ. ನಡುವ ಸಾಲಿ ಬಿಡಸಬ್ಯಾಡ್ರಿ.”